ರಾಷ್ಟ್ರ ಕಟ್ಟಿದವರ ಕಸಬು



ದಿನ ಬೆಳಗಾದರೆ ಬಿತ್ತನೆ, ಗೊಬ್ಬರ, ಹುಳುಹುಪ್ಪಟೆ, ದನಗಳ ಕಾಯಿಲೆ, ಇದೇ ನಮ್ಮ ನಿಮ್ಮ ಮಾತು. ಈ ಹೊತ್ತು ಸ್ವಲ್ಪ ದೂರದ ಕಥೆಯೊಂದನ್ನು ಹೇಳೋಣ ಅಂತ. ದೂರ ಎಂದರೆ ಸಮುದ್ರದಾಚೆಯ ಅಮೆರಿಕ ದೇಶ. ಕಾಲವೂ ಇನ್ನೂರೈವತ್ತು ವರ್ಷದ ಹಿಂದಿನದು. ಆದರೆ ಕಥೆಯಲ್ಲಿ ಬರುವ ವಸ್ತುಗಳೆಲ್ಲ ನಿಮಗೆ ಗುರುತಿನವೇ. ತಿಪ್ಪೆಗುಂಡಿ ಉಂಟು, ಕಣ ಉಂಟು, ಎತ್ತು ಉಂಟು, ಹೊಗೆಸೊಪ್ಪು ಉಂಟು, ಸಾಹುಕಾರನ ಲೆಕ್ಕದ ಪುಸ್ತಕವೂ ಉಂಟು.

ಯಾಕೆ ಈ ಕಥೆ ಅಂತ ಕೇಳುತ್ತೀರಿ. ಪಂಚಾಯಿತಿಯ ಚುನಾವಣೆ ಹತ್ತಿರ ಬಂದಾಗ ಚಾವಡಿ ಕಟ್ಟೆಯ ಮೇಲೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ನಾವು ನೇಗಿಲು ಹಿಡಿಯೋರು, ನಮಗ್ಯಾಕೆ ಸ್ವಾಮಿ ರಾಜ್ಯಭಾರದ ಮಾತು? ಅದೇನಿದ್ದರೂ ಓದಿದವರಿಗೆ, ಉಳ್ಳವರಿಗೆ." ಹೀಗೆ ಅಂದವರು ಎದ್ದು ಮೈಕೊಡವಿಕೊಂಡು ಹೊಲಕ್ಕೆ ಹೋಗುತ್ತಾರೆ. ಅವರು ಬಿಟ್ಟುಹೋದ ಜಾಗದಲ್ಲಿ ಇನ್ಯಾರೋ ಬಂದು ಕೂರುತ್ತಾರೆ. ಹಾಗಾದರೆ ಒಂದು ದೊಡ್ಡ ರಾಷ್ಟ್ರವನ್ನು ಮೊದಲು ಕಟ್ಟಿದವರು ಯಾವ ಕಸಬಿನಿಂದ ಬಂದರು, ಆ ಕಸಬು ಅವರಿಗೆ ಏನು ಕಲಿಸಿತು, ಏನು ಕಲಿಸದೆ ಬಿಟ್ಟಿತು ಎಂಬುದನ್ನು ಒಮ್ಮೆ ನೋಡಿಬಿಡೋಣ.

ಆಗ ಅಮೆರಿಕದ ಪೂರ್ವ ಕರಾವಳಿಯಲ್ಲಿ ಇಂಗ್ಲೆಂಡಿನ ದೊರೆಗೆ ಸೇರಿದ ಹದಿಮೂರು ವಸಾಹತುಗಳಿದ್ದವು. ತಮ್ಮನ್ನು ಕೇಳದೆ ತೆರಿಗೆ ಹಾಕಿದರೆಂದು ಅವುಗಳ ಜನ ಸಿಟ್ಟಿಗೆದ್ದರು. 1775ರಲ್ಲಿ ಯುದ್ಧ ಹತ್ತಿತು. 1776ರ ಜುಲೈ 4ರಂದು ಸ್ವಾತಂತ್ರ್ಯದ ಘೋಷಣೆಯಾಯಿತು. 1783ರಲ್ಲಿ ಶಾಂತಿಯ ಒಪ್ಪಂದ, 1787ರಲ್ಲಿ ರಾಜ್ಯಾಂಗ, 1789ರಲ್ಲಿ ಮೊದಲ ಅಧ್ಯಕ್ಷ. ಇಷ್ಟು ಚೌಕಟ್ಟು ನೆನಪಿನಲ್ಲಿದ್ದರೆ ಸಾಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಘೋಷಣೆಗೆ ಸಹಿ ಹಾಕಿದ 56 ಮಂದಿಯಲ್ಲಿ ಹೆಚ್ಚಿನವರು ವಕೀಲರು, ವರ್ತಕರು, ದೊಡ್ಡ ಜಮೀನುದಾರರು. ಎಲ್ಲರೂ ಬಡ ದುಡಿಮೆಗಾರರು ಎಂದರೆ ಸುಳ್ಳಾಗುತ್ತದೆ. ಆದರೆ ಅವರ ನಡುವೆ ಕೈಕಸಬಿನಿಂದ ಎದ್ದುಬಂದವರೂ ಇದ್ದರು. ಅವರಿಂದಲೇ ಶುರುಮಾಡೋಣ.

ಬೆಂಜಮಿನ್ ಫ್ರಾಂಕ್ಲಿನ್ ಎಂಬಾತ 1706ರಲ್ಲಿ ಬೋಸ್ಟನ್ ಊರಿನಲ್ಲಿ ಹುಟ್ಟಿದ. ತಂದೆ ಕೊಬ್ಬು ಕಾಯಿಸಿ ಮೇಣದಬತ್ತಿ, ಸಾಬೂನು ಮಾಡಿ ಮಾರುವವನು. ಮನೆಯಲ್ಲಿ ಹದಿನೇಳು ಮಕ್ಕಳು, ಗಂಡುಮಕ್ಕಳಲ್ಲಿ ಇವನೇ ಕಿರಿಯ. ಶಾಲೆಯ ಮೆಟ್ಟಿಲು ಹತ್ತಿದ್ದು ಎರಡೇ ವರ್ಷ. ಹನ್ನೆರಡನೆಯ ವಯಸ್ಸಿಗೆ ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಸೇರಿಸಿದರು. ಅಣ್ಣ ಹೊಡೆಯುತ್ತಿದ್ದ. ಹದಿನೇಳನೆಯ ವಯಸ್ಸಿನಲ್ಲಿ ಹುಡುಗ ಓಡಿಹೋಗಿ ಫಿಲಡೆಲ್ಫಿಯಾ ಪಟ್ಟಣ ಸೇರಿಕೊಂಡ.

ಅಲ್ಲಿ ಅವನು ಸೀಸದ ಮೊಳೆ ಜೋಡಿಸಿ, ಮಸಿ ಬಳಿದು, ಪತ್ರಿಕೆ ಅಚ್ಚುಹಾಕಿದ. ತಾನು ಕೆಲಸಕ್ಕೆ ನಾಚುವವನಲ್ಲ ಎಂದು ಊರಿಗೆ ತಿಳಿಯಲಿ ಅಂತ ಕೊಂಡ ಕಾಗದವನ್ನು ತಾನೇ ಕೈಗಾಡಿಯಲ್ಲಿ ಹೇರಿಕೊಂಡು ಬೀದಿಯಲ್ಲಿ ತಳ್ಳಿಕೊಂಡು ಬರುತ್ತಿದ್ದ. 1732ರಿಂದ ವರ್ಷ ವರ್ಷವೂ ಒಂದು ಪಂಚಾಂಗ ಹೊರಡಿಸಿದ. ಸೂರ್ಯೋದಯ, ಚಂದ್ರನ ವೃದ್ಧಿಕ್ಷಯ, ಮಳೆಗಾಳಿಯ ಸೂಚನೆ, ಅಂಚಿನಲ್ಲಿ ದುಡಿಮೆಯ ಮೇಲೆ, ಮಿತವ್ಯಯದ ಮೇಲೆ ಗಾದೆಯ ಮಾತುಗಳು. ನಮ್ಮ ಮನೆಯ ಗೋಡೆಗೆ ಪಂಚಾಂಗ ತೂಗುಹಾಕುವಂತೆ ಅಲ್ಲಿಯ ರೈತರ ಮನೆಗಳಲ್ಲಿ ಇದು ಇರುತ್ತಿತ್ತು. ವರ್ಷಕ್ಕೆ ಸುಮಾರು ಹತ್ತು ಸಾವಿರ ಪ್ರತಿ ಖರ್ಚಾಗುತ್ತಿತ್ತಂತೆ. ನೆರೆಯವರನ್ನು ಕೂಡಿಸಿ ಚಂದಾ ಎತ್ತಿ 1731ರಲ್ಲಿ ಪುಸ್ತಕ ಭಂಡಾರ, 1736ರಲ್ಲಿ ಬೆಂಕಿ ಆರಿಸುವ ಸಂಘ ಕಟ್ಟಿದ. ರಾಜಕಾರಣಕ್ಕೆ ಪೂರ್ತಿಯಾಗಿ ಇಳಿಯುವ ಮೊದಲೇ ಅವನು ಊರ ಕೆಲಸದಲ್ಲಿ ಪಳಗಿದ್ದ.

ಮುಂದೆ ಅವನು ಸಿಡಿಲನ್ನು ನೆಲಕ್ಕಿಳಿಸುವ ಸಲಾಕೆ ಕಂಡುಹಿಡಿದ, ಫ್ರಾನ್ಸ್ ದೇಶಕ್ಕೆ ರಾಯಭಾರಿಯಾದ, ರಾಜರ ಎದುರು ಕುಳಿತು ಮಾತಾಡಿದ. ಆದರೂ 1788ರಲ್ಲಿ ಮರಣಶಾಸನ ಬರೆಸುವಾಗ ತನ್ನ ಹೆಸರಿನ ಮುಂದೆ ಮೊದಲು ಬರೆಸಿದ ಬಿರುದು ಯಾವುದು ಗೊತ್ತೆ? ಮುದ್ರಕ. ರಾಯಭಾರಿ ಎಂಬುದು ಅದರ ಹಿಂದೆ ಬಂತು. ಬೋಸ್ಟನ್ನಿಗೂ ಫಿಲಡೆಲ್ಫಿಯಾಕ್ಕೂ ತಲಾ ಒಂದು ಸಾವಿರ ಪೌಂಡು ಬಿಟ್ಟುಹೋದ. ಕಸಬು ಕಲಿತು ಮುಗಿಸಿ ಮದುವೆಯಾದ ಎಳೆಯ ಕುಶಲಕರ್ಮಿಗಳಿಗೆ ಅದರಿಂದ ನೂರಕ್ಕೆ ಐದರ ಬಡ್ಡಿಯಲ್ಲಿ ಸಾಲ ಕೊಡಬೇಕು, ಇನ್ನೂರು ವರ್ಷ ಆ ಹಣ ಬೆಳೆಯುತ್ತಿರಬೇಕು ಎಂದು ಕಟ್ಟಳೆ. ಹಾಗೆಯೇ ನಡೆದು 1990ರ ವೇಳೆಗೆ ಅದು ಲಕ್ಷಗಟ್ಟಲೆ ಡಾಲರ್ ಆಗಿತ್ತು. ಕೈಗೆ ಬಂಡವಾಳವಿಲ್ಲದೆ ಕಸಬು ಹಿಡಿಯುವ ಕಷ್ಟ ತಾನು ಉಂಡವನಿಗೆ ಮಾತ್ರ ಹೊಳೆಯುವ ಯೋಚನೆ ಇದು. ಅಲ್ಲವೆ?

ಇನ್ನೊಬ್ಬ ರೋಜರ್ ಶೆರ್ಮನ್. 1721ರಲ್ಲಿ ಹುಟ್ಟಿದವನು. ತಂದೆ ಬೇಸಾಯವನ್ನೂ ಜೋಡು ಹೊಲಿಯುವುದನ್ನೂ ಮಾಡುತ್ತಿದ್ದ. ಮಗನೂ ಅದೇ ಕಸಬು ಕಲಿತ. ಒಂದು ಕಡೆ ಅಟ್ಟೆ, ದಾರ, ಉಳಿ. ಎದುರಿಗೆ ತೆರೆದಿಟ್ಟ ಪುಸ್ತಕ. ಹೀಗೆ ಕೂತು ಹೊಲಿಯುತ್ತ ಓದುತ್ತಿದ್ದ ಎಂದು ಹೇಳುವ ವಾಡಿಕೆಯಿದೆ. ತಂದೆ ತೀರಿಕೊಂಡಾಗ ಇಪ್ಪತ್ತರ ಹುಡುಗನ ಹೆಗಲ ಮೇಲೆ ಸಂಸಾರ ಬಿತ್ತು. ಜೋಡು ಹೊಲಿದ, ಲೆಕ್ಕ ಕಲಿತು ಜಮೀನು ಅಳೆಯುವ ಮೋಜಣಿದಾರನಾದ, ಅಂಗಡಿ ಇಟ್ಟ, ಪಂಚಾಂಗ ಗುಣಿಸಿದ, ಆಮೇಲೆ ಕಾನೂನು ಓದಿ 1754ರಲ್ಲಿ ವಕೀಲನಾದ.

ಈ ಶೆರ್ಮನ್ ಮಾಡಿದ ಕೆಲಸವೇನು ಅಂದರೆ, ರಾಷ್ಟ್ರ ಹುಟ್ಟಿಸಿದ ನಾಲ್ಕು ಮುಖ್ಯ ಪತ್ರಗಳಿಗೂ ಸಹಿ ಹಾಕಿದವನು ಇವನೊಬ್ಬನೇ. 1787ರಲ್ಲಿ ರಾಜ್ಯಾಂಗದ ಸಭೆ ಮುರಿದುಬೀಳುವ ಹಾಗಾಗಿತ್ತು. ನಮ್ಮಲ್ಲಿ ಜನ ಹೆಚ್ಚು, ನಮಗೆ ಸ್ಥಾನ ಹೆಚ್ಚು ಬೇಕು ಅಂತ ದೊಡ್ಡ ರಾಜ್ಯಗಳು. ಎಲ್ಲರೂ ಸಮ ಅಂತ ಚಿಕ್ಕ ರಾಜ್ಯಗಳು. ಎರಡು ಮನೆ ಮಾಡಿ, ಒಂದರಲ್ಲಿ ಜನಸಂಖ್ಯೆಯ ಲೆಕ್ಕ, ಇನ್ನೊಂದರಲ್ಲಿ ರಾಜ್ಯಕ್ಕೆ ಸಮಪಾಲು ಎಂಬ ಹಂಚಿಕೆಯನ್ನು ಮುಂದಿಟ್ಟವರಲ್ಲಿ ಶೆರ್ಮನ್ ಮೊದಲಿಗ. ಅದು ಒಂದೇ ಮತದ ಅಂತರದಲ್ಲಿ ಗೆದ್ದಿತು. ಕಾಲಿಗೆ ತಕ್ಕ ಅಳತೆ ತೆಗೆಯದೆ ಜೋಡು ಹೊಲಿದರೆ ಒಂದೋ ಕಚ್ಚುತ್ತದೆ, ಇಲ್ಲವೆ ಜಾರುತ್ತದೆ. ಆ ಬುದ್ಧಿ ಅವನಿಗೆ ಗೂಟದ ಮುಂದೆ ಕುಳಿತಾಗಲೇ ಬಂದಿತ್ತು ಅಂತ ನನಗೆ ಅನಿಸುತ್ತದೆ.

ಹೆನ್ರಿ ನಾಕ್ಸ್ ಎಂಬವನು ಒಂಬತ್ತನೆಯ ವಯಸ್ಸಿಗೇ ಶಾಲೆ ಬಿಟ್ಟು ಪುಸ್ತಕದಂಗಡಿಯಲ್ಲಿ ದುಡಿಯಲು ಸೇರಿದವನು. ಆಮೇಲೆ 1771ರಲ್ಲಿ ತನ್ನದೇ ಅಂಗಡಿ ಇಟ್ಟ. ಮಾರಲು ತಂದ ಯುದ್ಧದ ಪುಸ್ತಕಗಳನ್ನು ತಾನೇ ಓದಿಕೊಂಡ. ಯುದ್ಧ ಬಂದಾಗ ಸೈನ್ಯಕ್ಕೆ ಫಿರಂಗಿಗಳಿರಲಿಲ್ಲ. ದೂರದ ಟೈಕೊಂಡರೋಗಾ ಕೋಟೆಯಲ್ಲಿದ್ದ ಫಿರಂಗಿಗಳನ್ನು ತರುವ ಹೊಣೆ ಈ ಅಂಗಡಿಯವನು ಹೊತ್ತ. 1775ರ ಚಳಿಗಾಲ, ಹಿಮ ಬಿದ್ದ ದಾರಿ, ಸುಮಾರು 300 ಮೈಲಿ, ಸುಮಾರು 60 ಟನ್ ತೂಕ. ಹಿಮದ ಮೇಲೆ ಜಾರುವ ಗಾಡಿ ಮಾಡಿಸಿ, ಹಳ್ಳಿಹಳ್ಳಿಯ ರೈತರ ಎತ್ತು ಕುದುರೆ ಹೂಡಿ, ಎಳೆಸಿ ತಂದ. ಆ ಫಿರಂಗಿಗಳು ದಿಬ್ಬದ ಮೇಲೇರಿದ ಮೇಲೆ 1776ರ ಮಾರ್ಚ್ 17ರಂದು ಇಂಗ್ಲಿಷ್ ಸೈನ್ಯ ಬೋಸ್ಟನ್ ಬಿಟ್ಟು ಹಡಗು ಹತ್ತಿತು. ಚರಿತ್ರೆಯ ಪುಸ್ತಕ ನಾಕ್ಸ್‌ನ ಹೆಸರು ಹೇಳುತ್ತದೆ. ನೀವು ಎತ್ತು ಕಟ್ಟುವವರು. ಆ ಎತ್ತಿನ ಹಗ್ಗ ಹಿಡಿದು ಹಿಮದಲ್ಲಿ ನಡೆದ ಹೆಸರಿಲ್ಲದವರನ್ನೂ ನೆನೆಯಿರಿ.

ಈಗ ತಾಯಂದಿರು ಕೇಳಬೇಕಾದ ಮಾತು. ಮುಂದೆ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸ್ ರೈತನ ಮಗ. ತಂದೆ ಬೇಸಾಯದ ಜೊತೆಗೆ ಜೋಡು ಹೊಲಿಯುತ್ತಿದ್ದ. ಹುಡುಗನಿಗೆ ಓದು ಬೇಡ, ಹೊಲವೇ ಬೇಕು. ತಂದೆ ಒಂದು ದಿನ ಅವನನ್ನು ಸೂರಿಗೆ ಹೊದಿಸುವ ಹುಲ್ಲು ಕೊಯ್ಯಲು ಕರೆದುಕೊಂಡು ಹೋದ. ದಿನವೆಲ್ಲ ಕೆಸರಿನಲ್ಲಿ ಬಗ್ಗಿ ದುಡಿಸಿ ಸಂಜೆ ಕೇಳಿದ: ಹೇಗಪ್ಪ, ಬೇಸಾಯ ಸಾಕಾಯಿತೆ? ಹುಡುಗ, ನನಗೆ ಹಿಡಿಸಿತು ಅಂದ. ನನಗೆ ಹಿಡಿಸಲಿಲ್ಲ, ಶಾಲೆಗೆ ನಡಿ ಅಂದ ತಂದೆ. ನಮ್ಮ ಎಷ್ಟು ಮನೆಗಳಲ್ಲಿ ಇದೇ ಮಾತುಕತೆ ನಡೆದಿಲ್ಲ! ಮಗ ಓದಿದ, ಮೇಷ್ಟರಾದ, ವಕೀಲನಾದ.

1774ರಿಂದ ಆಡಮ್ಸ್ ದೇಶದ ಕೆಲಸ ಅಂತ ವರ್ಷಗಟ್ಟಲೆ ಮನೆ ಬಿಟ್ಟಿದ್ದ. ಹಾಗಾದರೆ ಹೊಲ ಮಾಡಿದವರು ಯಾರು? ಹೆಂಡತಿ ಅಬಿಗೇಲ್. ಆಳುಗಳೆಲ್ಲ ಸೈನ್ಯಕ್ಕೆ ಹೋಗಿದ್ದರು, ಕೂಲಿ ಏರಿತ್ತು, ಸಾಮಾನಿನ ಬೆಲೆ ಕೈಗೆಟುಕುತ್ತಿರಲಿಲ್ಲ. ಮಕ್ಕಳನ್ನು ಸಾಕಿಕೊಂಡು, ಬಿತ್ತನೆ ಕೊಯ್ಲು ನೋಡಿಕೊಂಡು, ತೆರಿಗೆ ಕಟ್ಟಿ, ಲೆಕ್ಕ ಇಟ್ಟಳು. ನಾನಿಲ್ಲದಾಗಲೇ ವ್ಯವಹಾರ ಚೆನ್ನಾಗಿ ನಡೆಯುತ್ತದೆ ಅಂತ ನೆರೆಯವರು ಅಂದುಕೊಂಡಾರು ಎಂದು ಗಂಡ ತಮಾಷೆಯಾಗಿ ಬರೆದ. 1776ರ ಮಾರ್ಚಿಯಲ್ಲಿ ಆಕೆ ಗಂಡನಿಗೆ ಕಾಗದ ಬರೆದು, ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ ಅಂದಳು. ಅವನು ನಕ್ಕು ತೇಲಿಸಿದ. ದೇಶದ ಎಲ್ಲೆಡೆ ಹೆಂಗಸರಿಗೆ ಮತದ ಹಕ್ಕು ರಾಜ್ಯಾಂಗದಲ್ಲಿ ಬರೆಯಲ್ಪಟ್ಟದ್ದು 1920ರಲ್ಲಿ. ಎಂದರೆ ನೂರನಾಲ್ವತ್ತನಾಲ್ಕು ವರ್ಷದ ಮೇಲೆ!

ಇನ್ನು ನಮ್ಮ ಕಥೆಯ ದೊಡ್ಡ ರೈತನ ಬಳಿಗೆ ಬರೋಣ. ಜಾರ್ಜ್ ವಾಷಿಂಗ್ಟನ್. ಸೇನಾಪತಿ, ಮೊದಲ ಅಧ್ಯಕ್ಷ ಅಂತ ನೀವು ಕೇಳಿದ್ದೀರಿ. ಅವನನ್ನು ಕೇಳಿದ್ದರೆ, ನಾನು ಬೇಸಾಯಗಾರ ಅನ್ನುತ್ತಿದ್ದ.

1732ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ. ಹನ್ನೊಂದನೆಯ ವಯಸ್ಸಿಗೆ ತಂದೆ ಹೋದ. ಹದಿನಾರನೆಯ ವಯಸ್ಸಿನಲ್ಲಿ ಭೂಮಾಪನ ತಂಡದ ಜೊತೆ ಕಾಡಿಗೆ ಹೊರಟ. ಹದಿನೇಳಕ್ಕೇ ಒಂದು ತಾಲ್ಲೂಕಿನ ಮೋಜಣಿದಾರನಾದ. ಅಂದಿನ ಇಂಗ್ಲಿಷ್ ಸರಪಳಿ 66 ಅಡಿ. ನಮ್ಮ ಗುಂಟೆ 33 ಅಡಿ ಉದ್ದ, 33 ಅಡಿ ಅಗಲ. ಅಂಥ 40 ಗುಂಟೆಗೆ ಒಂದು ಎಕರೆ. ಆ ಸರಪಳಿ ಸರಿಯಾಗಿ ಅದರ ಎರಡರಷ್ಟು. ಅವನು ಅಳೆದ ಎಕರೆಯೂ ನಿಮ್ಮ ಪಹಣಿಯ ಎಕರೆಯೂ ಒಂದೇ! ಸಂಪಾದಿಸಿದ ಹಣದಲ್ಲಿ ಜಮೀನು ಕೊಂಡ. ಆಮೇಲೆ ಅಣ್ಣನ ಕಡೆಯ ಮೌಂಟ್ ವೆರ್ನನ್ ಎಂಬ ಜಮೀನು ಕೈಸೇರಿತು. ಕೊಂಡು ಕೂಡಿಸಿ ಕೊನೆಗಾಲಕ್ಕೆ ಅದು ಸುಮಾರು 8,000 ಎಕರೆಯಾಗಿತ್ತು.

ವರ್ಜೀನಿಯಾದ ಬೆಳೆ ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣದ ಕಡೆಯ ರೈತರಿಗೆ ಈ ಹೆಸರು ಹೇಳಬೇಕಾಗಿಲ್ಲ. ಅವರು ಬೆಳೆಯುವ ತಂಬಾಕಿಗೆ ಇಂದಿಗೂ ವರ್ಜೀನಿಯಾ ತಂಬಾಕು ಎಂದೇ ಹೆಸರು. ಸಸಿಮಡಿ, ನಾಟಿ, ಕುಡಿ ಚಿವುಟುವುದು, ಕಂಕುಳ ಚಿಗುರು ತೆಗೆಯುವುದು, ಹುಳ ಆರಿಸುವುದು, ಸೊಪ್ಪು ಹದಮಾಡುವುದು, ಅಲ್ಲಿಯೂ ಇಷ್ಟೇ ಕಷ್ಟ. ಒಂದೇ ಹೊಲದಲ್ಲಿ ಮೂರು ನಾಲ್ಕು ವರ್ಷ ಹಾಕಿದರೆ ಭೂಮಿಯ ಸಾರ ಬತ್ತಿಹೋಗುತ್ತಿತ್ತು.

ಬೆಳೆದ ಸೊಪ್ಪನ್ನು ಪೀಪಾಯಿಗಳಲ್ಲಿ ಒತ್ತಿ ಲಂಡನ್ನಿನ ವರ್ತಕನಿಗೆ ಹಡಗಿನಲ್ಲಿ ಕಳಿಸಬೇಕು. ದರ ಹೇಳುವವನು ಆ ವರ್ತಕ. ಹಡಗಿನ ಬಾಡಿಗೆ, ಸುಂಕ, ದಲ್ಲಾಳಿ ಎಲ್ಲ ಮುರಿದುಕೊಂಡು ಉಳಿದದ್ದು ಜಮೆ. ಬಟ್ಟೆ, ಹತಾರ, ಪಾತ್ರೆ ಅವನಿಂದಲೇ ಸಾಲಕ್ಕೆ ತರಿಸಬೇಕು. ಅದಕ್ಕೂ ಅವನು ಹೇಳಿದ್ದೇ ಬೆಲೆ. ಸೊಪ್ಪಿಗೆ ದರವಿಲ್ಲ, ಬಂದ ಸಾಮಾನು ಕಳಪೆ ಅಂತ ವಾಷಿಂಗ್ಟನ್ ಕಾಗದದ ಮೇಲೆ ಕಾಗದ ಬರೆದ. 1764ರಲ್ಲಿ ಲೆಕ್ಕ ಬಂತು: ಬಾಕಿ ಸುಮಾರು 1,800 ಪೌಂಡು! ಮಂಡಿಗೆ ಮಾಲು ಹಾಕಿ ಬಂದು, ಚೀಟಿ ನೋಡಿ ತಲೆಯ ಮೇಲೆ ಕೈಹೊತ್ತು ಕುಳಿತವರು ನಿಮ್ಮಲ್ಲಿ ಇದ್ದರೆ, ಅವನ ಅಂದಿನ ಮುಖ ಹೇಗಿತ್ತು ಅಂತ ನಾನು ಹೇಳಬೇಕಾದ್ದಿಲ್ಲ. ದೊರೆಯ ಆಳ್ವಿಕೆಯ ಮೇಲೆ ಅವನಿಗೆ ಬಂದ ಬೇಸರದಲ್ಲಿ ಈ ಲೆಕ್ಕದ ಪುಸ್ತಕದ ಪಾಲೂ ಇತ್ತು.

ಅವನು ಕೈಕಟ್ಟಿ ಕೂರಲಿಲ್ಲ. 1766ರ ಹೊತ್ತಿಗೆ ತನ್ನ ಜಮೀನಿನಲ್ಲಿ ಹೊಗೆಸೊಪ್ಪು ನಿಲ್ಲಿಸಿ ಗೋಧಿಗೆ ತಿರುಗಿದ. ಗೋಧಿ ಬೀಸಲು ಹಳ್ಳದ ನೀರಿನಿಂದ ತಿರುಗುವ ಗಿರಣಿ ಕಟ್ಟಿಸಿ ಹಿಟ್ಟು ಮಾರಿದ. ನದಿಯ ಮೀನು ಹಿಡಿಸಿ ಉಪ್ಪುಹಾಕಿ ಮಾರಿದ. ಒಂದೇ ಬೆಳೆ, ಒಬ್ಬನೇ ವ್ಯಾಪಾರಿ ಎಂಬ ಕುಣಿಕೆಯಿಂದ ಕತ್ತು ಬಿಡಿಸಿಕೊಂಡ.

ಗೊಬ್ಬರದ ವಿಷಯದಲ್ಲಂತೂ ಅವನದು ಹುಚ್ಚು. 1760ರ ಏಪ್ರಿಲ್‌ನಲ್ಲಿ ಒಂದು ಪೆಟ್ಟಿಗೆ ಮಾಡಿಸಿ ಹತ್ತು ಮನೆ ಮಾಡಿದ. ಒಂದೊಂದರಲ್ಲಿ ಒಂದೊಂದು ಬಗೆ: ಕುದುರೆಯ ಲದ್ದಿ, ಸಗಣಿ, ಕುರಿಗೊಬ್ಬರ, ಹಳ್ಳದ ಗೋಡು, ಮರಳು, ಸುಣ್ಣದ ಮಣ್ಣು, ಹೀಗೆ. ಪ್ರತಿ ಮನೆಯಲ್ಲೂ ಮೂರು ಗೋಧಿ, ಮೂರು ಓಟ್ಸ್, ಮೂರು ಬಾರ್ಲಿ ಕಾಳು ಒಂದೇ ಆಳಕ್ಕೆ ಊರಿ, ಯಾವುದು ಹೇಗೆ ಬಂತು ಅಂತ ದಿನಚರಿಯಲ್ಲಿ ಬರೆದಿಟ್ಟ. ನೀವೂ ಮಾಡಿ ನೋಡಿ. ಹಳೆಯ ಹಲಗೆ ಪೆಟ್ಟಿಗೆ ಒಂದು, ಕಾಳು ಹಿಡಿಯಷ್ಟು ಇದ್ದರೆ ಸಾಕು. ಹೊಲಕ್ಕೆಲ್ಲ ಹಾಕಿ ಕೆಡುವುದಕ್ಕಿಂತ ಪೆಟ್ಟಿಗೆಯಲ್ಲಿ ತಿಳಿದುಕೊಳ್ಳುವುದು ಮೇಲು. ಮುಂದೆ ಯುದ್ಧ ಗೆದ್ದು ಬಂದ ಮೇಲೂ, ಮುಟ್ಟಿದ್ದನ್ನೆಲ್ಲ ಗೊಬ್ಬರ ಮಾಡಬಲ್ಲ ಮೇಲ್ವಿಚಾರಕ ಬೇಕು, ಚಿನ್ನಕ್ಕೆ ಅದೇ ಮೊದಲ ಮೆಟ್ಟಿಲು ಎಂದು ಸ್ನೇಹಿತನಿಗೆ ಬರೆದ. 1787ರಲ್ಲಿ ಸೂರು ಹಾಕಿದ ತಿಪ್ಪೆಮನೆ ಕಟ್ಟಿಸಿದ. ಮಳೆಗೆ, ಬಿಸಿಲಿಗೆ ಗೊಬ್ಬರದ ಸಾರ ಹೋಗಬಾರದು ಎಂಬ ಮಾತನ್ನು ಅವನು ಅಂದೇ ಕಂಡುಕೊಂಡಿದ್ದ.

ಕಣದ ಕಥೆ ಕೇಳಿ. ಅಲ್ಲಿ ಗೋಧಿಯನ್ನು ಬಯಲಲ್ಲಿ ಹರಡಿ ಕುದುರೆಗಳಿಂದ ತುಳಿಸುತ್ತಿದ್ದರು. ಮಣ್ಣು, ಲದ್ದಿ ಬೆರೆಯುವುದು, ಮಳೆ ಬಂದರೆ ಮುಗಿಯಿತು. 1790ರ ದಶಕದಲ್ಲಿ ಅವನು ಹದಿನಾರು ಮೂಲೆಯ, ಹೆಚ್ಚುಕಡಿಮೆ ದುಂಡಗಿನ ಒಕ್ಕಣೆಯ ಮನೆ ಕಟ್ಟಿಸಿದ. ಮೇಲಂತಸ್ತಿನಲ್ಲಿ ಕುದುರೆ ಸುತ್ತು ತಿರುಗಿ ತುಳಿಯಬೇಕು. ನೆಲದ ಹಲಗೆಗಳ ನಡುವೆ ಒಂದೂವರೆ ಅಂಗುಲದಷ್ಟು ಸಂದು. ಕಾಳು ಸಂದಿನಿಂದ ಕೆಳಗಿನ ಮನೆಗೆ ಸುರಿಯಬೇಕು, ಹುಲ್ಲು ಮೇಲೆಯೇ ಉಳಿಯಬೇಕು. ನಾವು ರೋಣಗಲ್ಲು ಹೊಡೆಯುವಾಗ ಮೋಡ ನೋಡಿಕೊಂಡು ಪಡುವ ಪಾಡು ನಿಮಗೆ ಗೊತ್ತು. ಆ ಮನೆಯ ಬೆಲೆ ನಿಮಗೇ ತಿಳಿಯುತ್ತದೆ.

1783ರ ಡಿಸೆಂಬರ್ 23ರಂದು ಸೇನಾಪತಿಯ ಅಧಿಕಾರವನ್ನು ಸಭೆಗೆ ಒಪ್ಪಿಸಿ ಮರುದಿನ ಊರು ಸೇರಿದ. ಗೆದ್ದ ಸೇನಾಪತಿ ಕತ್ತಿ ಕೆಳಗಿಟ್ಟು ಹೊಲಕ್ಕೆ ಹೋಗುವುದು ಲೋಕದಲ್ಲಿ ಅಪರೂಪ. 1789ರಲ್ಲಿ ಅಧ್ಯಕ್ಷನಾಗಿ ಆರಿಸಿ ಬಂದಾಗ ಪ್ರಯಾಣದ ಖರ್ಚಿಗೆ, ಮನೆಬಾಕಿ ತೀರಿಸಲಿಕ್ಕೆ ಸಾಲ ಎತ್ತಬೇಕಾಯಿತು. ಭೂಮಿ ಬೇಕಾದಷ್ಟು, ಕೈಯಲ್ಲಿ ಕಾಸಿಲ್ಲ! ಅಧ್ಯಕ್ಷನಾಗಿದ್ದಾಗಲೂ ವಾರ ವಾರವೂ ಜಮೀನಿನ ವರದಿ ತರಿಸಿಕೊಂಡು ಉತ್ತರ ಬರೆಯುತ್ತಿದ್ದ. ಎರಡು ಅವಧಿ ಮುಗಿಸಿ 1797ರಲ್ಲಿ ಮತ್ತೆ ಹೊಲಕ್ಕೆ ಬಂದ. 1799ರ ಡಿಸೆಂಬರಿನಲ್ಲಿ ಹಿಮ, ಮಳೆಯಲ್ಲೇ ಕುದುರೆ ಏರಿ ಜಮೀನು ಸುತ್ತಿ ಬಂದು ಗಂಟಲು ಕಟ್ಟಿತು. ಎರಡು ದಿನದಲ್ಲಿ ತೀರಿಕೊಂಡ.

ಇಲ್ಲಿಗೆ ಕಥೆ ಮುಗಿಸಿದರೆ ಸೊಗಸಾಗಿರುತ್ತದೆ. ಆದರೆ ಅರ್ಧ ಲೆಕ್ಕ ಹೇಳಿ ಎದ್ದುಹೋದ ಶಾನುಭೋಗನ ಹಾಗೆ ಆಗುತ್ತದೆ. ಉಳಿದರ್ಧ ಕೇಳಿ.

ವಾಷಿಂಗ್ಟನ್ ಗೋಧಿ ಬೆಳೆದ ಅಂದೆ. ಉತ್ತವರು ಯಾರು? ಹುಳ ಆರಿಸಿದವರು ಯಾರು? ಆ ಹದಿನಾರು ಮೂಲೆಯ ಕಣದ ಮನೆಯ ತೊಲೆ ಕೆತ್ತಿದವರು, ತಿಪ್ಪೆ ಹೊತ್ತವರು ಯಾರು? ಆಫ್ರಿಕದಿಂದ ಹಿಡಿದು ತಂದು ಮಾರಿದ ಜನ ಮತ್ತು ಅವರ ಮಕ್ಕಳು ಮರಿಗಳು. ದನ ಕೊಂಡಂತೆ ಮನುಷ್ಯರನ್ನು ಕೊಳ್ಳುತ್ತಿದ್ದರು. ತಂದೆ ಸತ್ತಾಗ ಹನ್ನೊಂದು ವರ್ಷದ ವಾಷಿಂಗ್ಟನ್‌ಗೆ ಪಿತ್ರಾರ್ಜಿತವಾಗಿ ಹತ್ತು ಮಂದಿ ಗುಲಾಮರು ಬಂದರು. 1799ರಲ್ಲಿ ಮೌಂಟ್ ವೆರ್ನನ್ನಿನಲ್ಲಿ ಇದ್ದ ಗುಲಾಮರ ಸಂಖ್ಯೆ 317. ಅವರಿಗೆ ಕೂಲಿಯಿಲ್ಲ. ಅಳೆದುಕೊಟ್ಟ ಮುಸುಕಿನ ಜೋಳದ ಹಿಟ್ಟು, ಉಪ್ಪುಮೀನು. ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಕೆಲಸ.

ಆ ಮನೆಯಲ್ಲಿ ಓನಾ ಜಜ್ ಎಂಬ ಹುಡುಗಿ ಇದ್ದಳು. ಹೊಲಿಗೆಯಲ್ಲಿ ನಿಪುಣೆ, ಯಜಮಾನಿಯ ಸೇವೆಯ ಹುಡುಗಿ. ಯಜಮಾನಿಯ ಮೊಮ್ಮಗಳಿಗೆ ತನ್ನನ್ನು ಉಡುಗೊರೆಯಾಗಿ ಕೊಡುತ್ತಾರೆಂದು ತಿಳಿದು, 1796ರ ಮೇ ತಿಂಗಳಲ್ಲಿ, ಮನೆಯವರು ಊಟಕ್ಕೆ ಕುಳಿತಿದ್ದಾಗ ಹೊರಗೆ ನಡೆದಳು. ಹಡಗು ಹತ್ತಿ ಉತ್ತರದ ನ್ಯೂ ಹ್ಯಾಂಪ್‌ಷೈರ್ ಸೇರಿದಳು. ಲೋಕವೆಲ್ಲ ಸ್ವಾತಂತ್ರ್ಯದ ವೀರ ಎಂದು ಕೊಂಡಾಡಿದ ವಾಷಿಂಗ್ಟನ್ ಆಕೆಯನ್ನು ಹಿಡಿದು ತರಿಸಲು ಜನ ಕಳಿಸಿದ. ಅವಳು ಬರಲಿಲ್ಲ. ಬಡತನದಲ್ಲೇ ಬಾಳಿ, ಓದುಬರಹ ಕಲಿತು, 1848ರಲ್ಲಿ ತೀರಿಕೊಂಡಳು. ಕಾನೂನಿನ ಕಣ್ಣಿನಲ್ಲಿ ಕೊನೆಯುಸಿರಿನ ತನಕ ಓಡಿಹೋದ ಗುಲಾಮಳೇ.

ಸ್ವಾತಂತ್ರ್ಯದ ಘೋಷಣೆ ಬರೆದ ಥಾಮಸ್ ಜೆಫರ್ಸನ್ನನೂ ಬೇಸಾಯದಲ್ಲಿ ಜಾಣ. ಮಣ್ಣು ಹಗುರವಾಗಿ ಮಗುಚುವಂತೆ ನೇಗಿಲಿನ ರೆಕ್ಕೆಗೆ ಗಣಿತದ ಲೆಕ್ಕದಿಂದ ಹೊಸ ಆಕಾರ ಕೊಟ್ಟ. ಒಳ್ಳೆಯ ಭತ್ತದ ತಳಿ ಬೇಕೆಂದು 1787ರಲ್ಲಿ ಇಟಲಿಯಿಂದ ಕೋಟಿನ ಜೇಬಿನಲ್ಲಿ ಕದ್ದು ಬೀಜ ತಂದ. ಸಿಕ್ಕಿಬಿದ್ದರೆ ಅಲ್ಲಿ ಮರಣದಂಡನೆ. ಎಲ್ಲ ಮನುಷ್ಯರೂ ಸಮ ಎಂದು ಬರೆದ ಅದೇ ಕೈ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರಿಗೆ ಒಡೆಯನಾಗಿತ್ತು. ಶೆರ್ಮನ್ ಅಳತೆ ಹಾಕಿಕೊಟ್ಟ ಆ ರಾಜ್ಯಾಂಗದಲ್ಲೂ ಜನಸಂಖ್ಯೆ ಎಣಿಸುವಾಗ ಐವರು ಗುಲಾಮರನ್ನು ಮೂವರೆಂದು ಹಿಡಿದರು. ಮತ ಮಾತ್ರ ಅವರಿಗಿಲ್ಲ. ಅವರ ತಲೆ ತೋರಿಸಿ ಸ್ಥಾನ ಪಡೆದವರು ಒಡೆಯರು.

"ಆಳಾಗಿ ದುಡಿ, ಅರಸಾಗಿ ಉಣ್ಣು" ಅನ್ನುತ್ತೇವೆ ನಾವು. ಆ ದೇಶದಲ್ಲಿ ಆಳಾಗಿ ದುಡಿದವರು ಒಬ್ಬರು, ಅರಸಾಗಿ ಉಂಡವರು ಇನ್ನೊಬ್ಬರು.

ಕೆಲವರಿಗೆ ಇದು ಚುಚ್ಚಿತು ಎಂಬುದನ್ನೂ ಹೇಳಬೇಕು. ಫ್ರಾಂಕ್ಲಿನ್ ತಾನೂ ಗುಲಾಮರನ್ನು ಇಟ್ಟುಕೊಂಡಿದ್ದವನೇ. ಮುಪ್ಪಿನಲ್ಲಿ ಮನಸ್ಸು ತಿರುಗಿ, ಗುಲಾಮಗಿರಿ ಅಳಿಸುವ ಸಂಘದ ಅಧ್ಯಕ್ಷನಾಗಿ 1790ರಲ್ಲಿ ಸಂಸತ್ತಿಗೆ ಮನವಿ ಕಳಿಸಿದ. ವಾಷಿಂಗ್ಟನ್ ಮರಣಶಾಸನದಲ್ಲಿ ತನ್ನ ಸ್ವಂತದ 123 ಗುಲಾಮರಿಗೆ ಬಿಡುಗಡೆ ಬರೆದ. ಮಿಕ್ಕವರಲ್ಲಿ ಹೆಚ್ಚಿನವರು ಹೆಂಡತಿಯ ಮೊದಲ ಗಂಡನ ಆಸ್ತಿಯ ಪಾಲು; ಅವರು ಹಂಚಿಹೋದರು. ಬಿಡುಗಡೆಯಾದ ಗಂಡನೂ ಬಿಡುಗಡೆಯಾಗದ ಹೆಂಡತಿಯೂ ಒಂದೇ ಗುಡಿಸಲಿನಲ್ಲಿ ಇದ್ದರು ಎಂದರೆ ಯೋಚಿಸಿ. ಇಡೀ ದೇಶದಲ್ಲಿ ಗುಲಾಮಗಿರಿ ಅಳಿದದ್ದು ದೊಡ್ಡ ಅಂತರ್ಯುದ್ಧವಾಗಿ, ಲಕ್ಷಗಟ್ಟಲೆ ಜನ ಸತ್ತು, 1865ರಲ್ಲಿ. ಮೊದಲು ಹಾಕಿದ ಅಡಿಪಾಯದಲ್ಲಿ ಬಿಟ್ಟ ಬಿರುಕು ಎಂಬತ್ತು ವರ್ಷದ ಮೇಲೆ ಗೋಡೆ ಸೀಳಿತು.

ಈ ಕಥೆಗೂ ನಮ್ಮ ನೆಲಕ್ಕೂ ಒಂದು ನಂಟು ಇದೆ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ನನಿಗೆ ಸೋತು ಶರಣಾದದ್ದು ಕಾರ್ನ್‌ವಾಲಿಸ್ ಎಂಬ ಇಂಗ್ಲಿಷ್ ಸೇನಾಪತಿಯ ಸೈನ್ಯ. ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಇಂಡಿಯಾಕ್ಕೆ ಬಂದ. 1791ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆ ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪು ಸುಲ್ತಾನನಿಂದ ಅರ್ಧ ರಾಜ್ಯವನ್ನೂ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿಯೂ ತೆಗೆದುಕೊಂಡ. 1793ರಲ್ಲಿ ಬಂಗಾಳದಲ್ಲಿ ಕಾಯಂ ಜಮೀನುದಾರಿ ಪದ್ಧತಿ ತಂದವನೂ ಅವನೇ. ಉಳುವವನ ಮೇಲೆ ಒಡೆಯನನ್ನು ಶಾಶ್ವತವಾಗಿ ಕೂರಿಸಿದ. ಅಲ್ಲಿ ರೈತ ಸೇನಾಪತಿಗೆ ಸೋತವನು ಇಲ್ಲಿ ಬಂದು ರೈತನ ಕುತ್ತಿಗೆಗೆ ಹಗ್ಗ ಬಿಗಿದ.

ಆಮೇಲೆ ನಮಗೂ ರಾಷ್ಟ್ರ ಕಟ್ಟುವ ಕಾಲ ಬಂತು. 1922ರಲ್ಲಿ ಗಾಂಧೀಜಿಯವರನ್ನು ಹಿಡಿದು ಅಹಮದಾಬಾದಿನ ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸಿ ಕಸಬು ಏನೆಂದು ಕೇಳಿದಾಗ, ಬ್ಯಾರಿಸ್ಟರ್ ಓದಿದ ಅವರು ಹೇಳಿದ್ದು: ರೈತ ಮತ್ತು ನೇಕಾರ. ನಮ್ಮ ಸಂವಿಧಾನ 1950ರಲ್ಲಿ ಜಾರಿಗೆ ಬಂದಾಗ ಗಂಡಸಿಗೂ ಹೆಂಗಸಿಗೂ, ಜಮೀನಿದ್ದವನಿಗೂ ಇಲ್ಲದವನಿಗೂ ಒಂದೇ ಸಲಕ್ಕೆ ಮತ ಕೊಟ್ಟಿತು. 1993ರಲ್ಲಿ ಜಾರಿಯಾದ ತಿದ್ದುಪಡಿಯಿಂದ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೂರರಲ್ಲೊಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಮೀಸಲಾಯಿತು. ಅಬಿಗೇಲ್ ಕಾಗದದಲ್ಲಿ ಬೇಡಿದ್ದಕ್ಕಿಂತ ಹೆಚ್ಚು ನಮ್ಮ ಹೆಣ್ಣುಮಕ್ಕಳ ಕೈಯಲ್ಲಿದೆ. ಅದನ್ನು ಬಳಸುತ್ತೇವೋ, ಗಂಡನ ಕೈಗೆ ಮೊಹರು ಕೊಟ್ಟು ಒಲೆಯ ಮುಂದೆ ಕೂರುತ್ತೇವೋ, ಅದು ನಮಗೆ ಬಿಟ್ಟದ್ದು.

ಆದ್ದರಿಂದ ಬಾಂಧವರೇ, ನಾವು ನೇಗಿಲು ಹಿಡಿಯೋರು, ನಮಗ್ಯಾಕೆ ಅನ್ನುವ ಮಾತು ಇನ್ನು ಸಾಕು. ಅಚ್ಚಿನ ಮೊಳೆ ಜೋಡಿಸಿದವನು, ಅಟ್ಟೆ ಹೊಲಿದವನು, ಸರಪಳಿ ಎಳೆದವನು, ತಿಪ್ಪೆ ಪರೀಕ್ಷೆ ಮಾಡಿದವನು ರಾಷ್ಟ್ರ ಕಟ್ಟಿದ್ದಾರೆ. ಬಿತ್ತಿ ಕಾಯುವ ತಾಳ್ಮೆ, ತಪ್ಪಿದರೆ ಬೆಳೆ ಬದಲಿಸುವ ಧೈರ್ಯ, ಲೆಕ್ಕ ಬರೆದಿಡುವ ಶಿಸ್ತು, ಇವು ನಿಮ್ಮಲ್ಲೇ ಇವೆ. ಸಭೆಗೆ ಬೇಕಾದದ್ದೂ ಅವೇ.

ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಗಂಟುಹಾಕಿಕೊಂಡು ಹೋಗಿ. ಮುಂದಿನ ಗ್ರಾಮಸಭೆಯಲ್ಲಿ ಕುಳಿತಾಗ ಸುತ್ತ ಒಮ್ಮೆ ಕಣ್ಣುಹಾಯಿಸಿ. ಈ ಊರಿನ ಹೊಲದಲ್ಲಿ ದುಡಿಯುವ ಎಷ್ಟು ಕೈಗಳು ಇಲ್ಲಿ ಎತ್ತಲು ಬಂದಿವೆ? ಬಾರದವರು ಯಾರು? ಕೇರಿಯವರೇ, ಕೂಲಿಯವರೇ, ಹೆಂಗಸರೇ? ಹೋಗಿ ಕರೆದುಕೊಂಡು ಬನ್ನಿ. ಅವರಿಗೊಂದು ಜಾಗ ಬಿಟ್ಟು ಕೂತರೆ ಚಾಪೆ ಏನೂ ಕಿರಿದಾಗುವುದಿಲ್ಲ.